ಜಾಗಕ್ಕೆ ಮುಂಗಡ ಕೊಡುವ ಮೊದಲು ಒಂದು ಗುಂಡಿ ತೋಡಿ ನೋಡಿ

ಮಂಗಳೂರು, ಉಡುಪಿ ಆಸುಪಾಸಿನಲ್ಲಿ ಐದು ಸೆಂಟ್ಸ್, ಹತ್ತು ಸೆಂಟ್ಸ್ ಜಾಗ ನೋಡಲು ಹೋದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕನ್ವರ್ಷನ್ ಆಗಿದೆಯೇ, ದಾರಿ ಎಷ್ಟು ಅಗಲ, ಬೇಸಿಗೆಯಲ್ಲಿ ಬಾವಿಗೆ ನೀರಿದೆಯೇ, ಬಾಗಿಲು ಯಾವ ದಿಕ್ಕಿಗೆ ಬರುತ್ತದೆ. ಕಕ್ಕಸಿನ ನೀರು ಎಲ್ಲಿಗೆ ಹೋಗಬೇಕು ಎಂದು ಕೇಳುವವರು ಅಪರೂಪ. ಕೇಳಿದರೂ ‘ಹಿಂದುಗಡೆ ಗುಂಡಿ ತೋಡಿ ನಾಲ್ಕು ಕಾಂಕ್ರೀಟ್ ರಿಂಗ್ ಇಳಿಸಿದರಾಯಿತು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನಗರದ ಒಳಚರಂಡಿ ಕೊಳವೆ ಮನೆಯ ಮುಂದೆ ಹಾದುಹೋಗಿದ್ದರೆ ಆ ಪ್ರಶ್ನೆಯೇ ಬೇಡ, ಈ ಲೇಖನವೂ ನಿಮಗೆ ಬೇಡ. ಇಲ್ಲದಿದ್ದರೆ ಜಾಗಕ್ಕೆ ಮುಂಗಡ ಕೊಡುವ ಮೊದಲೇ ನೆಲ ನೀರು ಕುಡಿಯುತ್ತದೆಯೇ ಎಂದು ನೋಡಿಕೊಳ್ಳುವುದು ಲೇಸು.

ಸೆಪ್ಟಿಕ್ ಟ್ಯಾಂಕ್ ಕೊಳಚೆಯನ್ನು ಶುದ್ಧ ಮಾಡುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದರೊಳಗೆ ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ಒಂದಷ್ಟು ಕೊಳೆತು ಕರಗುತ್ತದೆ, ಅಷ್ಟೆ. ಹೊರಗೆ ಬರುವ ನೀರಿನಲ್ಲಿ ರೋಗಾಣುಗಳು ಉಳಿದೇ ಇರುತ್ತವೆ. ಅವುಗಳನ್ನು ತಡೆದು ಹಿಡಿಯುವ ಕೆಲಸ, ಆ ನೀರನ್ನು ನೆಲಕ್ಕೆ ಬಿಡುವ ಇಂಗುಗುಂಡಿಯ ಸುತ್ತಲಿನ ಮಣ್ಣಿನದು. ಅದೂ ರಂಧ್ರಗಳಲ್ಲಿ ಗಾಳಿಯಾಡುತ್ತಿರುವ, ನೀರು ತುಂಬಿ ನಿಂತಿರದ ಮಣ್ಣಿನದು. ಆದ್ದರಿಂದ ನೆಲಕ್ಕೆ ಎರಡು ಪ್ರಶ್ನೆ ಕೇಳಬೇಕು. ನೀರು ಎಷ್ಟು ಬೇಗ ಇಂಗುತ್ತದೆ? ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲೂ ಗುಂಡಿಯ ಕೆಳಗೆ ನೀರು ನಿಲ್ಲದ ಮಣ್ಣು ಉಳಿಯುತ್ತದೆಯೇ? ಇಂಗು ಪರೀಕ್ಷೆ, ಅಂದರೆ ಎಂಜಿನಿಯರುಗಳು ಪರ್ಕೊಲೇಷನ್ ಟೆಸ್ಟ್ ಎನ್ನುವುದು, ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ನಮ್ಮ ಕರಾವಳಿಯಲ್ಲಿ ಜನ ಮೋಸ ಹೋಗುವುದು ಎರಡನೆಯದರಲ್ಲಿ.

ಹಾರೆ ಹಿಡಿಯುವ ಮೊದಲು

ಜಾಗದ ಹೆಸರು ಕೇಳಿ. ಇಲ್ಲಿನ ಹಿರಿಯರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದು ನೀರಿನ ಲೆಕ್ಕದಲ್ಲಿಯೇ. ಮೂರು ಬೆಳೆಗೆ ನೀರು ಸಿಗುವ ತಗ್ಗು ಬೈಲು. ಎರಡು ಬೆಳೆಯ ನಡುಮಟ್ಟ ಮಜಲು. ಮಳೆ ನಂಬಿ ಒಂದೇ ಬೆಳೆ ತೆಗೆಯುವ ಎತ್ತರದ ನೆಲ ಬೆಟ್ಟು. ಬೈಲು ಎಂದು ಕೊನೆಯಾಗುವ ಊರಿನಲ್ಲಿ ಮಳೆಗಾಲದ ನೀರು ಎಲ್ಲಿರುತ್ತದೆ ಎಂದು ತಿಳಿಯಲು ಭೂವಿಜ್ಞಾನಿ ಬೇಕಾಗಿಲ್ಲ. ಪದವು ಎಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಹಾಸಿರುವ ಬೋಳು ಗುಡ್ಡ. ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ. ಅಲ್ಲಿ ಸುತ್ತಲೂ ನೀರು, ಕೆಳಗೂ ನೀರು.

ಹಳೆಯ ಪಹಣಿಯನ್ನೂ ತೆಗೆಸಿ ನೋಡಿ. ಈಗ ಕೆಂಪು ಮಣ್ಣಿನ ಸಮತಟ್ಟಾದ ಜಾಗ ಹತ್ತು ವರ್ಷದ ಹಿಂದೆ ಗದ್ದೆಯಾಗಿತ್ತೇ ಎಂಬುದು ಮುಖ್ಯ. ಗದ್ದೆಯ ಮೇಲೆ ಲಾರಿಗಟ್ಟಲೆ ಮಣ್ಣು ಸುರಿದು ಎತ್ತರಿಸಿದ ಜಾಗದಲ್ಲಿ ಎರಡಡಿ ಗುಂಡಿ ತೋಡಿ ನೀರು ಹೊಯ್ದರೆ ಅದು ಗಟಗಟನೆ ಇಳಿಯುತ್ತದೆ, ಏಕೆಂದರೆ ಸುರಿದ ಮಣ್ಣು ಇನ್ನೂ ಸಡಿಲವಾಗಿದೆ. ಇಳಿದ ನೀರು ಹಳೆಯ ಗದ್ದೆಯ ಜಿಗುಟು ಕೆಸರಿನ ಮೇಲೆ ನಿಲ್ಲುತ್ತದೆ. ಮೂರನೇ ಮಳೆಗಾಲಕ್ಕೆ ಅಂಗಳದಲ್ಲಿ ವಾಸನೆ ಏಳುತ್ತದೆ. ತುಂಬಿಸಿದ ಜಾಗವಾದರೆ ಪರೀಕ್ಷೆಯ ಗುಂಡಿ ಹಳೆಯ ನೆಲವನ್ನು ಮುಟ್ಟಲೇಬೇಕು. ಕಪ್ಪು ಅಥವಾ ಬೂದು ಬಣ್ಣದ ಮಣ್ಣು, ಅದರಲ್ಲಿ ಕೊಳೆತ ಹುಲ್ಲಿನ ಬೇರು ಸಿಕ್ಕಿತೆಂದರೆ ನೀವು ಗದ್ದೆಗೆ ತಲುಪಿದಿರಿ.

ಪಕ್ಕದ ಮನೆಯ ಬಾವಿ

ಕರಾವಳಿಯಲ್ಲಿ ಮನೆಗೊಂದು ಬಾವಿ ಇರುವುದು ಈ ಕೆಲಸಕ್ಕೆ ಬಹಳ ಅನುಕೂಲ. ಪಕ್ಕದ ಮನೆಯವರ ಅನುಮತಿ ಪಡೆದು ಬಾವಿಯೊಳಗೆ ಇಣುಕಿ ನೋಡಿ. ಮುರಕಲ್ಲು ಕಡಿದ ಗೋಡೆಯಲ್ಲಿ ಒಂದು ಮಟ್ಟದವರೆಗೆ ಜರಿಗಿಡಗಳು ಬೆಳೆದಿರುತ್ತವೆ. ಅದರ ಕೆಳಗೆ ಗಿಡವಿಲ್ಲದ, ಪಾಚಿ ಒಣಗಿ ಕಪ್ಪಾದ ಪಟ್ಟಿ ಶುರುವಾಗುತ್ತದೆ. ಮಳೆಗಾಲದಲ್ಲಿ ನೀರು ವಾರಗಟ್ಟಲೆ ನಿಲ್ಲುವ ಮಟ್ಟ ಸುಮಾರಾಗಿ ಆ ಗೆರೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ನೆಲಮಟ್ಟದಿಂದ ಆ ಗೆರೆಗೆ ಎಷ್ಟು ಅಡಿ ಎಂದು ಅಳೆಯಿರಿ. ಬಾವಿಕಟ್ಟೆಯ ಎತ್ತರ ಕಳೆಯಲು ಮರೆಯಬೇಡಿ. ಜೊತೆಗೆ ಮನೆಯ ಹಿರಿಯರನ್ನು ಕೇಳಿ, ‘ಆಟಿಯಲ್ಲಿ ನೀರು ಎಲ್ಲಿವರೆಗೆ ಬರುತ್ತದೆ?’ ‘ಕೊಡಪಾನದಲ್ಲಿ ಬಗ್ಗಿ ಮೊಗೆಯಬಹುದು’ ಎಂದು ಅವರು ಹೆಮ್ಮೆಯಿಂದ ಹೇಳಿದರೆ, ಕುಡಿಯುವ ನೀರಿನ ಮಟ್ಟಿಗೆ ಅದು ಸಂತೋಷದ ಸುದ್ದಿ, ಇಂಗುಗುಂಡಿಯ ಮಟ್ಟಿಗೆ ಅಪಾಯದ್ದು.

ಸೆಪ್ಟಿಕ್ ಟ್ಯಾಂಕ್ ಕುರಿತ ಭಾರತೀಯ ಮಾನಕ ಐಎಸ್ 2470 ಇಲ್ಲಿ ಒಂದು ಗಡಿ ಹಾಕುತ್ತದೆ: ಅಂತರ್ಜಲ ನೆಲಮಟ್ಟದಿಂದ 1.8 ಮೀಟರ್, ಅಂದರೆ ಆರಡಿಯೊಳಗೆ ಬರುವುದಾದರೆ ಸಾಮಾನ್ಯ ಇಂಗುಗುಂಡಿ ಬೇಡ. ಅಮೆರಿಕದ ಹಳೆಯ ಕೈಪಿಡಿಗಳು ಗುಂಡಿಯ ತಳಕ್ಕೂ ಅತಿ ಎತ್ತರದ ಅಂತರ್ಜಲಕ್ಕೂ ನಡುವೆ ನಾಲ್ಕಡಿ ಅಂತರ ಕೇಳುತ್ತವೆ. ಬಾವಿ ನೀರನ್ನೇ ಕುಡಿಯುವ ನಮ್ಮಂಥ ಊರಿನಲ್ಲಿ ಇವೆರಡನ್ನೂ ಪಾಲಿಸಬೇಕೆಂದು ನಾನು ಹೇಳುತ್ತೇನೆ.

ಇನ್ನು ದೂರ. ಅದೇ ಮಾನಕದ ಪ್ರಕಾರ ಇಂಗುವ ವ್ಯವಸ್ಥೆ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ವಾಸದ ಮನೆಯಿಂದ 6 ಮೀಟರ್ ದೂರವಿರಬೇಕು. ಐದು ಸೆಂಟ್ಸ್ ಎಂದರೆ ಸುಮಾರು 202 ಚದರ ಮೀಟರ್. ಚೌಕವಾಗಿದ್ದರೆ ಒಂದು ಬದಿ 14 ಮೀಟರ್ ಚಿಲ್ಲರೆ. ಒಂದು ಮೂಲೆಯಲ್ಲಿ ಬಾವಿ, ಎದುರು ಮೂಲೆಯಲ್ಲಿ ಗುಂಡಿ ಇಟ್ಟರೆ ಮಾತ್ರ 18 ಮೀಟರ್ ಹೇಗೋ ಸಿಗುತ್ತದೆ. ಆಮೇಲೆ ಮನೆ ಎಲ್ಲಿ? ಬೇಲಿಯಾಚೆ ಪಕ್ಕದವರ ಬಾವಿ ಇದ್ದರೆ? ಕಾಗದದ ಮೇಲೆ ನಿಮ್ಮ ಜಾಗ, ಸುತ್ತಲಿನ ಎಲ್ಲ ಬಾವಿಗಳು, ಪ್ರತಿ ಬಾವಿಯ ಸುತ್ತ 18 ಮೀಟರಿನ ವೃತ್ತ ಬರೆಯಿರಿ. ವೃತ್ತಗಳ ಹೊರಗೆ ಉಳಿದ ತುಂಡಿನಲ್ಲಿ ಮಾತ್ರ ಪರೀಕ್ಷೆ ಮಾಡುವ ಅರ್ಥವಿದೆ. ಏನೂ ಉಳಿಯದಿದ್ದರೆ ಹಾರೆಯ ಶ್ರಮ ಉಳಿಯಿತು.

ಯಾವಾಗ ಮಾಡಬೇಕು

ಜಾಗದ ವ್ಯವಹಾರ ಕುದುರುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ಆಗ ನೆಲ ಒಣಗಿ ಬಿರಿದಿರುತ್ತದೆ. ಏಪ್ರಿಲ್‌ನಲ್ಲಿ ಮಾಡಿದ ಪರೀಕ್ಷೆ ನೆಲದ ಬಾಯಾರಿಕೆಯನ್ನು ಅಳೆಯುತ್ತದೆಯೇ ಹೊರತು ಇಂಗುವ ಶಕ್ತಿಯನ್ನಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಆದ್ದರಿಂದ ಆಟಿ ಕಳೆದು ಸೋಣದಲ್ಲಿ (ಆಗಸ್ಟ್-ಸೆಪ್ಟೆಂಬರ್), ಮಳೆ ಸ್ವಲ್ಪ ಬಿಡುವು ಕೊಟ್ಟ ಎರಡು ಮೂರು ದಿನ ನೋಡಿಕೊಂಡು ಮಾಡುವುದು ಅತ್ಯುತ್ತಮ. ಅಷ್ಟು ಕಾಯಲಾಗದಿದ್ದರೆ ಬೇಸಿಗೆಯಲ್ಲೇ ಮಾಡಿ, ಆದರೆ ಮುಂದೆ ಹೇಳುವ ನೆನೆಸುವ ಹಂತವನ್ನು ಒಂದು ರಾತ್ರಿಯ ಬದಲು ಎರಡು ರಾತ್ರಿ ಮಾಡಿ. ಬಾವಿಯ ಗೆರೆಯ ಲೆಕ್ಕವನ್ನು ಯಾವ ಕಾರಣಕ್ಕೂ ಬಿಡಬೇಡಿ.

ಗುಂಡಿ ತೋಡುವುದು

ಬೇಕಾಗುವ ಸಾಮಾನು ಹೆಚ್ಚಿಲ್ಲ: ಹಾರೆ, ಪಿಕ್ಕಾಸು, ಮೊಳೆ ಹೊಡೆದ ಒಂದು ಮರದ ತುಂಡು, ಎರಡು ಬುಟ್ಟಿ ಸಣ್ಣ ಜಲ್ಲಿ ಅಥವಾ ದಪ್ಪ ಹೊಯ್ಗೆ (ಮರಳು), ಮೂರಡಿ ಉದ್ದದ ನೇರವಾದ ರೀಪರ್ ಪಟ್ಟಿ, ಉಕ್ಕಿನ ಸ್ಕೇಲು, ನೀರಿನ ಡ್ರಮ್. ಗಡಿಯಾರಕ್ಕೆ ಮೊಬೈಲ್ ಇದೆ. ಜಾಗದ ಮಾಲೀಕರ ಒಪ್ಪಿಗೆ ಮೊದಲೇ ಪಡೆಯಿರಿ. ಒಪ್ಪದಿದ್ದರೆ ಅದೂ ಒಂದು ಮಾಹಿತಿಯೇ.

ಗುಂಡಿ ಬರಲಿರುವ ಸ್ಥಳದಲ್ಲಿ ಕನಿಷ್ಠ ಮೂರು ಕಡೆ ಪರೀಕ್ಷಿಸಿ. ಮುರಕಲ್ಲಿನ ನೆಲ ಹತ್ತು ಹೆಜ್ಜೆಗೆ ಗುಣ ಬದಲಿಸುತ್ತದೆ, ಒಂದೇ ಗುಂಡಿಯನ್ನು ನಂಬಲಾಗದು. ಪರೀಕ್ಷೆಯ ಕುಳಿ 10ರಿಂದ 30 ಸೆಂಟಿಮೀಟರ್ ಅಗಲದ್ದು, ಚೌಕವಾಗಿರಲಿ, ದುಂಡಗಿರಲಿ. ಅದರ ತಳ ಮುಂದೆ ನೀರು ಇಂಗಬೇಕಾದ ಆಳದಲ್ಲಿರಬೇಕು ಎಂಬುದು ಮುಖ್ಯ. ಇಂಗುಗುಂಡಿ ಎರಡು ಮೀಟರ್ ಆಳ ಹೋಗುವುದಾದರೆ ಒಂದು ಕುಳಿ ಅರ್ಧ ಆಳದಲ್ಲಿ, ಇನ್ನೊಂದು ತಳದ ಮಟ್ಟದಲ್ಲಿ ಬೇಕು. ಅಷ್ಟು ಆಳಕ್ಕೆ ಮೊದಲು ಅಗಲವಾದ ಹೊಂಡ ತೆಗೆಸಿ, ಅದರ ತಳದಲ್ಲಿ ಕುಳಿ ಮಾಡುತ್ತಾರೆ. ಮಣ್ಣು ಕುಸಿಯುವಂತಿದ್ದರೆ ಆಧಾರ ಕೊಡದೆ ಎದೆಮಟ್ಟಕ್ಕಿಂತ ಕೆಳಗೆ ಯಾರನ್ನೂ ಇಳಿಸಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ.

ತೋಡುವಾಗ ಪದರಗಳನ್ನು ಗಮನಿಸಿ, ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಮೇಲೆ ಒಂದೆರಡು ಅಡಿ ಕೆಂಪು ಜಲ್ಲಿಮಣ್ಣು, ಆಮೇಲೆ ಮುರಕಲ್ಲು, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣಗಳು ಬೆರೆತ ಶೇಡಿ ಮಣ್ಣು. ಗುಡ್ಡದ ಬದಿಯ ಜಾಗಗಳಲ್ಲಿ ಸಾಮಾನ್ಯವಾಗಿ ಸಿಗುವ ಕ್ರಮ ಇದು. ಶೇಡಿ ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಇಂಗುಗುಂಡಿಯ ನೀರು ವರ್ಷಗಟ್ಟಲೆ ಶೇಡಿಗೆ ಇಳಿಯುವ ಜಾಗದಲ್ಲಿ, ಅದರ ಕೆಳಬದಿಗೆ ಕಡಿದಾದ ಬರೆ (ಇಳಿಜಾರು) ಇದ್ದರೆ, ಇಂಗುವ ವೇಗ ಎಷ್ಟೇ ಚೆನ್ನಾಗಿ ಬಂದರೂ ಎಂಜಿನಿಯರಿಗೆ ತೋರಿಸದೆ ಮುಂದುವರಿಯಬೇಡಿ.

ಹಾರೆಯ ಅಲಗು ಶೇಡಿಯನ್ನೋ ಜೇಡಿಯನ್ನೋ ಕಡಿದಾಗ ಕುಳಿಯ ಗೋಡೆ ಗಾರೆ ಸವರಿದಂತೆ ನುಣ್ಣಗೆ ಹೊಳೆಯುತ್ತದೆ. ಆ ಹೊಳಪು ಮಣ್ಣಿನ ಸಣ್ಣ ರಂಧ್ರಗಳೆಲ್ಲ ಮುಚ್ಚಿಹೋದ ಗುರುತು. ಮೊಳೆ ಹೊಡೆದ ಮರದ ತುಂಡಿನಿಂದ ಗೋಡೆ, ತಳ ಎರಡನ್ನೂ ಗೀರಿ ಒರಟು ಮಾಡಿ, ಉದುರಿದ ಪುಡಿಯನ್ನು ಪೂರ್ತಿ ತೆಗೆಯಿರಿ. ಮುರಕಲ್ಲಿನಲ್ಲಾದರೆ ಗೀರುವ ಬದಲು ಗಟ್ಟಿ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಬಳಿಕ ತಳಕ್ಕೆ 50 ಮಿಲಿಮೀಟರ್ ದಪ್ಪಕ್ಕೆ ಜಲ್ಲಿ ಅಥವಾ ಹೊಯ್ಗೆ ಹರಡಿ. ನೀರು ಹೊಯ್ಯುವಾಗ ತಳ ಕದಡಿ ಕೆಸರಾಗುವುದನ್ನು ಅದು ತಪ್ಪಿಸುತ್ತದೆ. ಮಲ್ಪೆ, ಉಳ್ಳಾಲದ ಕಡಲಬದಿಯ ಹೊಯ್ಗೆ ನೆಲದಲ್ಲಿ ಕುಳಿ ನಿಲ್ಲುವುದೇ ಇಲ್ಲ. ಅಲ್ಲಿ ಸುತ್ತ ತೂತು ಕೊರೆದ ದಪ್ಪ ಪಿವಿಸಿ ಪೈಪಿನ ತುಂಡನ್ನು ಕುಳಿಯೊಳಗೆ ಇಳಿಸಿ.

ನೆನೆಸಿ, ಕಾಯಿರಿ, ಅಳೆಯಿರಿ

ಜಲ್ಲಿಯ ಮೇಲೆ 300 ಮಿಲಿಮೀಟರ್, ಅಂದರೆ ಒಂದಡಿ ನೀರು ನಿಲ್ಲುವಂತೆ ನಿಧಾನವಾಗಿ ತುಂಬಿ. ಇಳಿದಂತೆ ಮತ್ತೆ ತುಂಬುತ್ತ ಹೋಗಿ, ರಾತ್ರಿಯಿಡೀ ನೆನೆಯಲಿ. ಮಣ್ಣಿನ ಕಣಗಳ ನಡುವಿನ ಜಾಗ ತುಂಬುವುದು ಒಂದು, ಜೇಡಿಯ ಕಣ ನೀರು ಹೀರಿ ಉಬ್ಬುವುದು ಇನ್ನೊಂದು. ಎರಡನೆಯದಕ್ಕೆ ಹೊತ್ತು ಹಿಡಿಯುತ್ತದೆ. ಈ ಹಂತವನ್ನು ಹಾರಿಸಿ ‘ಅರ್ಧ ಗಂಟೆಯಲ್ಲಿ ಪೂರಾ ಇಳಿಯಿತು, ಜಾಗ ಬಂಗಾರ’ ಎನ್ನುವವರ ಮಾತನ್ನು ನಂಬಬೇಡಿ. ರಾತ್ರಿ ಕುಳಿಗೆ ಹಲಗೆ ಮುಚ್ಚಿ, ಸುತ್ತ ಹಗ್ಗ ಕಟ್ಟಿ. ಬೆಳಿಗ್ಗೆ ಕಪ್ಪೆ ಸಿಕ್ಕರೆ ಎತ್ತಿ ಬಿಡಿ, ಹಾವಾದರೆ ಕೈ ಹಾಕುವ ಮೊದಲು ಬೆಳಕು ಬಿಟ್ಟು ನೋಡಿ.

ಮರುದಿನ ರೀಪರ್ ಪಟ್ಟಿಯನ್ನು ಕುಳಿಯ ಮೇಲೆ ಅಡ್ಡ ಇಟ್ಟು ಎರಡೂ ಕಡೆ ಕಲ್ಲು ಹೇರಿ ಅಲುಗಾಡದಂತೆ ಮಾಡಿ. ಪಟ್ಟಿಯ ಮೇಲೆ ಒಂದು ಗುರುತು ಹಾಕಿ. ಎಲ್ಲ ಅಳತೆಯೂ ಆ ಗುರುತಿನಿಂದ ನೀರಿನ ಮೇಲ್ಮೈಗೆ.

ಇಲ್ಲಿಂದ ಮುಂದೆ ಮೂರು ದಾರಿ. ಬೆಳಿಗ್ಗೆ ಕುಳಿಯಲ್ಲಿ ನೀರು ಉಳಿದಿದ್ದರೆ, ಜಲ್ಲಿಯ ಮೇಲೆ 150 ಮಿಲಿಮೀಟರ್ ಇರುವಂತೆ ಸರಿಮಾಡಿ, 30 ನಿಮಿಷದಲ್ಲಿ ಎಷ್ಟು ಇಳಿಯಿತು ಎಂದು ಬರೆದುಕೊಳ್ಳಿ. ನೀರು ಪೂರ್ತಿ ಇಂಗಿಹೋಗಿದ್ದರೆ 150 ಮಿಲಿಮೀಟರ್ ತುಂಬಿ, ಪ್ರತಿ 30 ನಿಮಿಷಕ್ಕೊಮ್ಮೆ ಅಳೆದು ಮತ್ತೆ ಅದೇ ಮಟ್ಟಕ್ಕೆ ತುಂಬುತ್ತ ನಾಲ್ಕು ಗಂಟೆ ಮಾಡಿ. ಲೆಕ್ಕಕ್ಕೆ ಕೊನೆಯ 30 ನಿಮಿಷದ ಇಳಿತ ಮಾತ್ರ. ಹೊಯ್ಗೆ ನೆಲದಂತೆ 150 ಮಿಲಿಮೀಟರ್ ನೀರು ಅರ್ಧ ಗಂಟೆಯೊಳಗೆ ಖಾಲಿಯಾಗುತ್ತಿದ್ದರೆ 10 ನಿಮಿಷಕ್ಕೊಮ್ಮೆ ಅಳೆಯುತ್ತ ಒಂದು ಗಂಟೆ ಮಾಡಿ, ಕೊನೆಯ 10 ನಿಮಿಷದ್ದನ್ನು ಇಟ್ಟುಕೊಳ್ಳಿ. ಮೊದಲ ಅಳತೆಗಳು ಯಾವಾಗಲೂ ಹೆಚ್ಚು ಬರುತ್ತವೆ. ಹೊತ್ತಾಯಿತೆಂದು ಎರಡನೇ ಅಳತೆಗೇ ಏಳಬೇಡಿ.

ಲೆಕ್ಕ

ನೀರು 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕು ಎಂಬುದೇ ಇಂಗುವ ದರ. ಕೊನೆಯ 30 ನಿಮಿಷದಲ್ಲಿ 50 ಮಿಲಿಮೀಟರ್ ಇಳಿದಿದ್ದರೆ ದರ 15 ನಿಮಿಷ. ಮೂರು ಕುಳಿಗಳಲ್ಲಿ ಬೇರೆ ಬೇರೆ ಬಂದರೆ ಸರಾಸರಿ ತೆಗೆಯುವವರಿದ್ದಾರೆ. ಚಿಕ್ಕ ಜಾಗಕ್ಕೆ ಅತಿ ನಿಧಾನದ್ದನ್ನೇ ಹಿಡಿಯುವುದು ಕ್ಷೇಮ.

ಒಂದು ಚದರ ಮೀಟರ್ ಮಣ್ಣಿಗೆ ದಿನಕ್ಕೆ ಎಷ್ಟು ಲೀಟರ್ ಬಿಡಬಹುದು ಎನ್ನಲು 204ನ್ನು ಆ ನಿಮಿಷಗಳ ವರ್ಗಮೂಲದಿಂದ ಭಾಗಿಸಬೇಕು. ದರ 5 ನಿಮಿಷವಾದರೆ ಸುಮಾರು 90 ಲೀಟರ್, 15ಕ್ಕೆ 52, 30ಕ್ಕೆ 37, 60ಕ್ಕೆ 26. ದರ ಒಂದೇ ನಿಮಿಷವಾದರೂ 204 ಲೀಟರಿಗಿಂತ ಹೆಚ್ಚು ಬಿಡುವಂತಿಲ್ಲ. ಒಂದು ನಿಮಿಷಕ್ಕೆ 25 ಮಿಲಿಮೀಟರ್ ಎಂದರೆ ಶುದ್ಧ ನೀರು ದಿನಕ್ಕೆ ಚದರ ಮೀಟರಿಗೆ 36,000 ಲೀಟರ್ ಇಳಿದಂತಾಯಿತು. ಅದರಲ್ಲಿ 204ಕ್ಕೆ ಮಾತ್ರ ಅನುಮತಿ ಏಕೆ ಎಂದು ಕೇಳಬಹುದು. ಇಂಗುಗುಂಡಿಗೆ ಬರುವುದು ಶುದ್ಧ ನೀರಲ್ಲ. ಕೆಲವೇ ತಿಂಗಳಲ್ಲಿ ಗೋಡೆಯ ಮೇಲೆ ಕಪ್ಪನೆಯ ಲೋಳೆ ಪದರ ಕಟ್ಟುತ್ತದೆ, ಆಮೇಲೆ ವೇಗವನ್ನು ನಿರ್ಧರಿಸುವುದು ಅದೇ. 1920ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಎಂಜಿನಿಯರ್ ಹೆನ್ರಿ ರಯಾನ್ ಈ ಪರೀಕ್ಷೆಯನ್ನು ರೂಪಿಸಿದ್ದು ಬಳಕೆಯಲ್ಲಿದ್ದ, ಕೆಟ್ಟುಹೋದ ವ್ಯವಸ್ಥೆಗಳ ಪಕ್ಕದ ಮಣ್ಣನ್ನು ಹೀಗೇ ಪರೀಕ್ಷಿಸಿ. ಅಂಥ ಅನುಭವದಿಂದ ಬಂದ ಲೆಕ್ಕವಾದ್ದರಿಂದ ಅದು ಇಷ್ಟು ಜಿಪುಣ.

ಐದು ಜನರ ಮನೆಯ ಉದಾಹರಣೆ ನೋಡೋಣ. ತಲೆಗೆ ದಿನಕ್ಕೆ 135 ಲೀಟರ್ ಬಳಕೆ, ಅದರ ಶೇ. 80 ಕೊಳಚೆ ಎಂದುಕೊಂಡರೆ ಒಟ್ಟು 540 ಲೀಟರ್. ದರ 15 ನಿಮಿಷವಿದ್ದರೆ 540ನ್ನು 52ರಿಂದ ಭಾಗಿಸಿ 10.4 ಚದರ ಮೀಟರ್ ಬೇಕು. ಇಂಗುಗುಂಡಿಯಲ್ಲಿ ಲೆಕ್ಕಕ್ಕೆ ಬರುವುದು ಪೈಪು ಸೇರುವ ಜಾಗದಿಂದ ಕೆಳಗಿನ ಪಕ್ಕದ ಗೋಡೆ ಮಾತ್ರ. ತಳ ಬೇಗ ಕಟ್ಟಿಕೊಳ್ಳುತ್ತದೆ. 1.2 ಮೀಟರ್ ವ್ಯಾಸದ ಗುಂಡಿಯ ಸುತ್ತಳತೆ 3.77 ಮೀಟರ್, ಹಾಗಾಗಿ ಪೈಪಿನಿಂದ ಕೆಳಗೆ 2.75 ಮೀಟರ್ ಆಳ ಬೇಕಾಯಿತು. ಪೈಪು ನೆಲದಿಂದ ಎರಡಡಿ ಕೆಳಗಿದ್ದರೆ ಗುಂಡಿಯ ತಳ ಹನ್ನೊಂದಡಿಗೆ ಹೋಗುತ್ತದೆ, ಅದರ ಕೆಳಗೆ ಇನ್ನೂ ನಾಲ್ಕಡಿ. ಬಾವಿಯ ಗೆರೆ ಹದಿನೈದಡಿಗಿಂತ ಕೆಳಗಿದ್ದರೆ ಸರಿ. ಹನ್ನೊಂದಡಿಯಲ್ಲಿದ್ದರೆ ಒಂದು ಆಳದ ಗುಂಡಿಯ ಬದಲು 1.4 ಮೀಟರ್ ಆಳದ ಎರಡು ಗುಂಡಿ ಮಾಡಿ. ಆಳಕ್ಕೆ ಹೋದಷ್ಟೂ ಒಳ್ಳೆಯದು ಎನ್ನುವ ಮೇಸ್ತ್ರಿಗಳ ಜೊತೆ ಇಲ್ಲಿ ವಾದ ಮಾಡಲೇಬೇಕಾಗುತ್ತದೆ.

ಸ್ನಾನದ, ಪಾತ್ರೆ ತೊಳೆದ ನೀರನ್ನು ತೆಂಗು, ಬಾಳೆಯ ಬುಡಕ್ಕೆ ಬಿಡುವ ನಮ್ಮ ಹಳೆಯ ಕ್ರಮ ಈ ಲೆಕ್ಕವನ್ನು ಬಹಳ ಹಗುರ ಮಾಡುತ್ತದೆ. ಹಿತ್ತಿಲಿರುವವರು ಅದನ್ನು ಬಿಡಬಾರದು.

ಉತ್ತರ ಓದುವುದು

ದರ 30 ನಿಮಿಷದೊಳಗಿದ್ದು ಅಂತರ್ಜಲ ಆರಡಿಗಿಂತ ಸಾಕಷ್ಟು ಕೆಳಗಿದ್ದರೆ ಇಂಗುಗುಂಡಿ ಆಗುತ್ತದೆ. 30ರಿಂದ 60ರೊಳಗಾದರೆ ಗುಂಡಿ ಬೇಡ, ಅರ್ಧದಿಂದ ಒಂದು ಮೀಟರ್ ಆಳದ ಉದ್ದನೆಯ ಇಂಗುಚರಂಡಿ ಬೇಕು. ಒಂದು ಚರಂಡಿ 30 ಮೀಟರಿಗಿಂತ ಉದ್ದವಿರಬಾರದು, ಎರಡರ ನಡುವೆ 2 ಮೀಟರ್ ಬಿಡಬೇಕು. ಐದು ಸೆಂಟ್ಸ್‌ನಲ್ಲಿ ಇದು ಕಷ್ಟ. 60 ನಿಮಿಷ ದಾಟಿದರೆ ಆ ಮಣ್ಣಿಗೆ ಇಂಗಿಸುವ ಮಾತೇ ಬೇಡ. ನೆಲದ ಮೇಲೆ ಕಟ್ಟುವ ಜೈವಿಕ ಫಿಲ್ಟರ್ ಅಥವಾ ಕೆಳಗಿನಿಂದ ಮೇಲಕ್ಕೆ ಹರಿಯುವ ಗಾಳಿರಹಿತ ಫಿಲ್ಟರ್ ಹಾಕಿಸಬೇಕು. ದರ ಚೆನ್ನಾಗಿದ್ದು ನೀರು ಮಾತ್ರ ಮೇಲಿದ್ದರೆ, ಬೈಲು ಮತ್ತು ಕಡಲಬದಿಯಲ್ಲಿ ಹೀಗಾಗುವುದು ಹೆಚ್ಚು, ಮಣ್ಣಿನ ದಿಬ್ಬ ಕಟ್ಟಿ ಅದರೊಳಗೆ ಇಂಗುಚರಂಡಿ ಮಾಡುವ ಕ್ರಮವಿದೆ. ಇವೆಲ್ಲದರ ಖರ್ಚನ್ನು ಜಾಗದ ಬೆಲೆಗೆ ಸೇರಿಸಿ ನೋಡಿ, ಆಮೇಲೆ ಚೌಕಾಸಿ ಮಾಡಿ.

ನಿಧಾನ ಇಂಗುವ ಜಾಗಕ್ಕಿಂತ ನನಗೆ ಹೆಚ್ಚು ಹೆದರಿಕೆ ಅತಿ ವೇಗದ್ದು. ಪದವಿನ ಮುರಕಲ್ಲಿನೊಳಗೆ ಬೆರಳು ತೂರುವಷ್ಟು ಕೊಳವೆಗಳಂಥ ಪೊಳ್ಳುಗಳಿರುತ್ತವೆ. ಕುಳಿಗೆ ಸುರಿದ ಕೊಡ ನೀರು ಎರಡು ನಿಮಿಷದಲ್ಲಿ ಮಾಯವಾದರೆ ಮಾರುವವರು ಬೀಗುತ್ತಾರೆ. ಆ ನೀರು ಮಣ್ಣಿನಲ್ಲಿ ಸೋಸಿಲ್ಲ, ದಾರಿ ಸಿಕ್ಕಿದ ಕಡೆ ಓಡಿದೆ, ಮತ್ತು ಬಾವಿಯ ಒರತೆಗಳು ಬರುವುದೂ ಅಂಥ ದಾರಿಗಳಲ್ಲಿಯೇ. 18 ಮೀಟರಿನ ನಿಯಮ ಇಂಥ ಕಲ್ಲಿಗೆ ಸಾಲದು. 25 ಮಿಲಿಮೀಟರಿಗೆ ಒಂದು ನಿಮಿಷವೂ ಹಿಡಿಯದ ಕಡೆ ಅನುತ್ತೀರ್ಣವೆಂದೇ ಬರೆದುಕೊಳ್ಳಿ. ಬೇರೆ ದಾರಿ ಇಲ್ಲದಿದ್ದರೆ ಗುಂಡಿಯನ್ನು ಅಗಲವಾಗಿ ತೆಗೆಸಿ, ಸುತ್ತ ಮತ್ತು ತಳಕ್ಕೆ ಸೋಸುವಂಥ ಹೊಯ್ಗೆಮಣ್ಣನ್ನು ದಪ್ಪವಾಗಿ ತುಂಬಿಸುವ ಬಗ್ಗೆ ಎಂಜಿನಿಯರ್ ಜೊತೆ ಮಾತಾಡಿ. ನಿಮ್ಮ ಮತ್ತು ಕೆಳಬದಿಯವರ ಬಾವಿ ನೀರನ್ನು ಮಳೆಗಾಲದಲ್ಲಿ ಕೋಲಿಫಾರ್ಮ್ (ಕೊಳಚೆ ಸೇರಿದೆಯೇ ಎಂದು ಸೂಚಿಸುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಕಳಿಸುವ ರೂಢಿಯನ್ನೂ ಇಟ್ಟುಕೊಳ್ಳಿ.

ಕುಳಿ ಮುಚ್ಚುವ ಮೊದಲು

ಒಂದು ಹಾಳೆಯಲ್ಲಿ ಇಷ್ಟು ಇರಲಿ: ದಿನಾಂಕ, ಹಿಂದಿನ ವಾರ ಮಳೆ ಬಂದಿತ್ತೇ, ಪ್ರತಿ ಕುಳಿಯ ಸ್ಥಳ ಮತ್ತು ಆಳ, ಸಿಕ್ಕಿದ ಪದರಗಳು, ನೆನೆಸಿದ ಹೊತ್ತು, ಎಲ್ಲ ಅಳತೆಗಳು (ಕೊನೆಯದು ಮಾತ್ರವಲ್ಲ), ಬಾವಿಯ ಗೆರೆಯ ಆಳ, ಬಾವಿಗಳ ದೂರ. ಮನೆಯ ನಕ್ಷೆ ಮಾಡುವವರಿಗೆ ಮೊದಲ ದಿನವೇ ಈ ಹಾಳೆ ಕೊಡಿ. ನಕ್ಷೆ ಮುಗಿದ ಮೇಲೆ ಕೊಟ್ಟರೆ ಇಂಗುಗುಂಡಿಗೆ ಉಳಿಯುವುದು ಕಾರ್ ನಿಲ್ಲಿಸುವ ಜಾಗದ ಅಡಿಭಾಗ; ಅಲ್ಲಿ ಗಾಡಿಯ ಭಾರಕ್ಕೆ ಮಣ್ಣು ಅದುಮಿ, ಅಳೆದ ದರಕ್ಕೆ ಬೆಲೆ ಇರುವುದಿಲ್ಲ. ಕುಳಿಗಳಿಗೆ ತೆಗೆದ ಮಣ್ಣನ್ನೇ ತುಂಬಿ, ತುಳಿದು ಗಟ್ಟಿ ಮಾಡಿ, ಮೂಲೆಗೊಂದು ಗೂಟ ನೆಟ್ಟು ಬನ್ನಿ. ಅಡಿಪಾಯ ತೋಡುವಾಗ ಜೆಸಿಬಿಯವರು ಆ ಮೂಲೆಯ ಮೇಲೆ ಓಡಾಡದಂತೆ ನೋಡಿಕೊಳ್ಳಲು ಗೂಟ ಬೇಕಾಗುತ್ತದೆ.